ಮಿಥ್‌ಬಸ್ಟರ್ಸ್ ಮತ್ತು ನಮ್ಮನೆ ಒನಕೆ

2019ರ ಡಿಸೆಂಬರ್ 26, ಗುರುವಾರ. ಬೆಳಗ್ಗೆ 8 ಗಂಟೆ ಸುಮಾರಿಗೆ ಸೂರ್ಯಗ್ರಹಣ ಹಿಡಿಯಿತು. ಮಂಗಳೂರು ಕಡೆ ಕಂಕಣದ ಹಾಗೆ ಕಂಡಿತು. ಬೆಂಗಳೂರಿನಲ್ಲಿ ಪೂರ್ತಿ ಬಳೆ ಆಗಲಿಲ್ಲ, ಆದರೂ ಬಿಸಿಲು ಮಂಕಾಯಿತು. ದಾಸರಹಳ್ಳಿಯ ನಮ್ಮ ಬಾಡಿಗೆ ಮನೆಯಲ್ಲಿ ಅಮ್ಮ ಹಿತ್ತಾಳೆ ತಟ್ಟೆಗೆ ಅರಿಶಿನದ ನೀರು ಹಾಕಿದಳು. ಊರಿಂದ ತಂದಿದ್ದ ಒನಕೆಯನ್ನು ತಟ್ಟೆಯ ನಡುವೆ ಇಟ್ಟು, ಎರಡೂ ಕೈಯಲ್ಲಿ ಹಿಡಿದು, ಮೆಲ್ಲಗೆ ಬಿಟ್ಟಳು. ನಿಂತಿತು. ಪಕ್ಕದ ಮನೆಯವರು ಬಂದು ನೋಡಿ ಕೈ ಮುಗಿದರು. ಮೊಬೈಲ್‌ನಲ್ಲಿ ಫೋಟೊ ತೆಗೆದುಕೊಂಡರು.

"ಗ್ರಹಣ ಹಿಡಿದಾಗ ಮಾತ್ರ ನಿಲ್ಲೋದು. ಬಿಟ್ಟ ತಕ್ಷಣ ಬಿದ್ದುಹೋಗುತ್ತೆ" ಅಂದಳು ಅಮ್ಮ.

ಆಗ ಮಗಳಿಗೆ ಎಂಟು ವರ್ಷ. ಒನಕೆಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದವಳು ನನ್ನ ಕಡೆ ತಿರುಗಿ ಕೇಳಿದಳು. "ಅಪ್ಪ, ನಾಳೆ ನಿಲ್ಲಲ್ವಾ?"

ಆ ಪ್ರಶ್ನೆ ಎಲ್ಲಿಂದ ಬಂತು ಅಂತ ನನಗೆ ಗೊತ್ತಿತ್ತು. ಎರಡು ತಿಂಗಳಿಂದ ರಾತ್ರಿ ಊಟ ಆದ ಮೇಲೆ ನಾವಿಬ್ಬರೂ ಕೂತು, ಜನ ನಂಬಿದ ಮಾತುಗಳನ್ನು ಮಾಡಿ ನೋಡುವ ಮಿಥ್‌ಬಸ್ಟರ್ಸ್ ಅನ್ನುವ ಟಿವಿ ಕಾರ್ಯಕ್ರಮ ನೋಡುತ್ತಿದ್ದೆವು. ಈ ಕಾರ್ಯಕ್ರಮದ ಬಗ್ಗೆ ಬರೆಯಬೇಕು ಅಂತ ಬಹಳ ದಿನದಿಂದ ಮನಸ್ಸಿನಲ್ಲಿತ್ತು. ನಾನು ಪೀಣ್ಯದಲ್ಲಿ ಟರ್ನರ್. ಇಪ್ಪತ್ತು ವರ್ಷದಿಂದ ಲೇತ್ ಮುಂದೆ, ಅಂದರೆ ಕಬ್ಬಿಣವನ್ನು ತಿರುಗಿಸಿ ಕಡೆಯುವ ಮಷೀನ್ ಮುಂದೆ, ನಿಂತಿದ್ದೇನೆ. ಈ ಕಾರ್ಯಕ್ರಮವನ್ನು ನಾನು ಆ ಕಣ್ಣಿಂದಲೇ ನೋಡೋದು.

ಮೊದಲ ಸಲ ನೋಡಿದ್ದು ಐಟಿಐ ಮುಗಿಸಿ ಗುಬ್ಬಿ ಕಡೆಯಿಂದ ಬೆಂಗಳೂರಿಗೆ ಬಂದ ಹೊಸದರಲ್ಲಿ. ಒಂದು ರೂಮಿನಲ್ಲಿ ನಾಲ್ಕು ಜನ ಹುಡುಗರು, ಒಂದು ಹಳೇ ಟಿವಿ. ಸೆಕೆಂಡ್ ಶಿಫ್ಟ್ ಮುಗಿಸಿ ಬಂದರೆ ಡಿಸ್ಕವರಿ ಚಾನೆಲ್‌ನಲ್ಲಿ ಇದು ಬರುತ್ತಿತ್ತು. ನಮ್ಮ ಕೇಬಲ್‌ನಲ್ಲಿ ಇಂಗ್ಲಿಷ್ ಮಾತ್ರ. ಅರ್ಧ ಮಾತು ಅರ್ಥ ಆಗುತ್ತಿರಲಿಲ್ಲ. ಆದರೆ ವೆಲ್ಡಿಂಗ್ ಕಿಡಿ ಹಾರುವಾಗ, ಗ್ರೈಂಡರ್ ಹಿಡಿದು ಕಬ್ಬಿಣ ಕತ್ತರಿಸುವಾಗ ಭಾಷೆ ಯಾಕೆ ಬೇಕು? ಅವರ ಕೈ ನೋಡಿದರೆ ಸಾಕಿತ್ತು.

ಇದು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ತಯಾರಾದ ಕಾರ್ಯಕ್ರಮ. 2003ರ ಜನವರಿಯಲ್ಲಿ ಶುರುವಾಗಿ 2016ರವರೆಗೆ ಅದೇ ಇಬ್ಬರು ನಡೆಸಿಕೊಂಡು ಬಂದರು. ಒಬ್ಬರು ಜೇಮಿ ಹೈನ್‌ಮನ್. ದಪ್ಪ ಮೀಸೆ, ಬಿಳಿ ಅಂಗಿ, ತಲೆಗೆ ಕಪ್ಪು ಟೋಪಿ. ಮಾತು ಕಡಿಮೆ. ಇನ್ನೊಬ್ಬರು ಆಡಮ್ ಸ್ಯಾವೇಜ್. ಕನ್ನಡಕ ಹಾಕಿಕೊಂಡು ಮಗುವಿನ ಹಾಗೆ ಕುಣಿಯುವ ಮನುಷ್ಯ. ಇಬ್ಬರೂ ಸಿನಿಮಾಗಳಿಗೆ ಮಾಡೆಲ್, ಸ್ಪೆಷಲ್ ಎಫೆಕ್ಟ್ ಮಾಡಿಕೊಡುತ್ತಿದ್ದವರು. ವಿಜ್ಞಾನಿಗಳಲ್ಲ, ಕೈಕೆಲಸದವರು. ಜನ ನಂಬಿಕೊಂಡು ಬಂದ ಒಂದು ಮಾತು ತೆಗೆದುಕೊಳ್ಳುತ್ತಾರೆ, ಅದನ್ನು ಪರೀಕ್ಷಿಸೋಕೆ ಬೇಕಾದ ಸಾಮಾನನ್ನು ತಾವೇ ಮಾಡಿಕೊಳ್ಳುತ್ತಾರೆ, ಮಾಡಿ ನೋಡುತ್ತಾರೆ. ಕೊನೆಗೆ ಮೂರರಲ್ಲಿ ಒಂದು ತೀರ್ಪು. ಸುಳ್ಳು, ಇರಬಹುದು, ನಿಜ.

ಇವರಿಬ್ಬರೂ ಹೊರಗೆ ಸ್ನೇಹಿತರಲ್ಲ. ಅದನ್ನು ಅವರೇ ಬಾಯಿಬಿಟ್ಟು ಹೇಳಿದ್ದಾರೆ. ನನಗೆ ಅದು ತುಂಬಾ ಹಿಡಿಸಿತು. ಪಕ್ಕದ ಮಷೀನಿನವನ ಜೊತೆ ನಮಗೆ ಮಾತುಕತೆ ಜಾಸ್ತಿ ಇಲ್ಲದಿರಬಹುದು, ಆದರೆ ಅವನ ಕೈಯಿಂದ ಬಂದ ಜಾಬ್, ಅಂದರೆ ಮಷೀನ್‌ನಲ್ಲಿ ಮಾಡಿದ ಪೀಸ್, ಸರಿ ಇರುತ್ತೆ ಅನ್ನುವ ನಂಬಿಕೆ ಇದ್ದರೆ ಕೆಲಸ ನಡೆಯುತ್ತೆ. ಆಡಮ್ ಒಂದು ಡ್ರಾಯಿಂಗ್ ಹಾಕಿದರೆ ಜೇಮಿ ಬೇಡ ಅಂತಾರೆ. ಜೇಮಿ ಸರಳವಾಗಿ ಮಾಡೋಣ ಅಂದರೆ ಆಡಮ್‌ಗೆ ಸಮಾಧಾನ ಇಲ್ಲ. ಆ ಎಳೆದಾಟದಲ್ಲೇ ಒಳ್ಳೆ ಫಿಕ್ಸ್ಚರ್, ಅಂದರೆ ಕೆಲಸಕ್ಕೆ ಹಿಡಿದಿಡುವ ಸಾಮಾನು, ಹುಟ್ಟುತ್ತೆ. ಜೇಮಿಯ ವರ್ಕ್‌ಶಾಪ್‌ನಲ್ಲಿ ಗೋಡೆ ಉದ್ದಕ್ಕೂ ಡಬ್ಬಗಳು, ಪ್ರತಿಯೊಂದಕ್ಕೂ ಹೆಸರಿನ ಚೀಟಿ. ಅದನ್ನು ನೋಡಿದ ವಾರವೇ ನಾನು ನನ್ನ ಟೂಲ್‌ಬಾಕ್ಸ್‌ಗೆ ಚೀಟಿ ಅಂಟಿಸಿದೆ. ಇವತ್ತಿಗೂ ಡ್ರಿಲ್ ಬಿಟ್‌ಗಳು ಅಳತೆ ಪ್ರಕಾರ ಅದೇ ಜಾಗದಲ್ಲಿವೆ.

ಈಗ ನನಗೆ ಮುಖ್ಯ ಅನ್ನಿಸಿದ ವಿಷಯಕ್ಕೆ ಬರುತ್ತೇನೆ.

ನಮ್ಮಲ್ಲಿ ಬೋರ್ ಗೇಜ್ ಅಂತ ಇದೆ. ರಂಧ್ರದ ಒಳಗಿನ ಅಳತೆ ನೋಡೋಕೆ. ಅದನ್ನು ನೇರವಾಗಿ ಜಾಬ್ ಒಳಗೆ ಹಾಕಿದರೆ ಮುಳ್ಳು ಎಲ್ಲೋ ಒಂದು ಕಡೆ ನಿಲ್ಲುತ್ತೆ. ಅದಕ್ಕೆ ಅರ್ಥವೇ ಇಲ್ಲ. ಮೊದಲು ಮಾಸ್ಟರ್ ರಿಂಗ್‌ಗೆ ಹಾಕಬೇಕು. ಅದರ ಅಳತೆ ನಮಗೆ ಗೊತ್ತಿರುತ್ತೆ. ಅಲ್ಲಿ ಮುಳ್ಳನ್ನು ಸೊನ್ನೆಗೆ ತಂದು, ಆಮೇಲೆ ಜಾಬ್‌ಗೆ ಹಾಕಿದರೆ ಎಷ್ಟು ಹೆಚ್ಚು, ಎಷ್ಟು ಕಡಿಮೆ ಅಂತ ತಿಳಿಯುತ್ತೆ. ಮಾಸ್ಟರ್ ರಿಂಗ್ ಕಳೆದುಹೋದರೆ ಎಂಥ ದುಬಾರಿ ಗೇಜ್ ಇದ್ದರೂ ಕೈ ಕಟ್ಟಿದ ಹಾಗೆ.

ಈ ಕಾರ್ಯಕ್ರಮ ಚೆನ್ನಾಗಿ ಬಂದ ದಿನಗಳಲ್ಲೆಲ್ಲ ಅಲ್ಲೊಂದು ಮಾಸ್ಟರ್ ರಿಂಗ್ ಇರುತ್ತೆ. ಟೂತ್‌ಬ್ರಶ್ ಕಂತು ನೋಡಿ. ಟಾಯ್ಲೆಟ್ ಇರುವ ಬಚ್ಚಲಲ್ಲಿ ಬ್ರಶ್ ಇಟ್ಟರೆ ಅದರ ಮೇಲೆ ಮಲದ ಬ್ಯಾಕ್ಟೀರಿಯಾ ಕೂರುತ್ತೆ ಅನ್ನುವ ಮಾತು. 24 ಬ್ರಶ್ ತಗೊಂಡರು. ಟಾಯ್ಲೆಟ್ ಹತ್ತಿರ ಕೆಲವು, ದೂರ ಕೆಲವು. ಅಷ್ಟಕ್ಕೇ ನಿಲ್ಲಿಸಿದ್ದರೆ ನಾನು ಇವತ್ತು ಬರೆಯುತ್ತಿರಲಿಲ್ಲ. ಬಚ್ಚಲಿನ ಗಾಳಿಯೇ ತಾಗದ ಕಡೆಯೂ ಬೇರೆ ಬ್ರಶ್ ಇಟ್ಟರು, ಹೋಲಿಸಿ ನೋಡೋಕೆ. ಕೊನೆಗೆ ಪರೀಕ್ಷೆ ಮಾಡಿಸಿದಾಗ ಬಚ್ಚಲಿನ ಬ್ರಶ್‌ಗಳ ಮೇಲೆ ಬ್ಯಾಕ್ಟೀರಿಯಾ ಇತ್ತು. ದೂರ ಇಟ್ಟಿದ್ದ ಬ್ರಶ್‌ಗಳ ಮೇಲೂ ಇತ್ತು! ಆಗ ಆಡಮ್ ಮುಖ ನೋಡಬೇಕು. ಮಾತು ನಿಜ, ಆದರೆ ತಪ್ಪು ಟಾಯ್ಲೆಟ್‌ದು ಮಾತ್ರ ಅಲ್ಲ. ಆ ಹೋಲಿಕೆಯ ಬ್ರಶ್ ಇಲ್ಲದಿದ್ದರೆ ಎಲ್ಲರೂ ಬಚ್ಚಲನ್ನೇ ಬೈದು ಮಲಗುತ್ತಿದ್ದರು.

ಆನೆ ಇಲಿಗೆ ಹೆದರುತ್ತಾ ಅನ್ನುವ ಕಂತು ನನ್ನ ಮಗಳಿಗೆ ಬಾಯಿಪಾಠ. ದಕ್ಷಿಣ ಆಫ್ರಿಕಾದಲ್ಲಿ ಒಂದು ಲದ್ದಿ ಉಂಡೆಯ ಕೆಳಗೆ ಬಿಳಿ ಇಲಿ ಇಟ್ಟು, ಆನೆ ಹತ್ತಿರ ಬಂದಾಗ ಉಂಡೆಯನ್ನು ಎಳೆದರು. ಆನೆ ನಿಂತಿತು, ಹಿಂದೆ ಸರಿಯಿತು, ಸುತ್ತು ಹಾಕಿಕೊಂಡು ಹೋಯಿತು. ಆಡಮ್, ಜೇಮಿ ಇಬ್ಬರೂ ಇದು ಸುಳ್ಳೇ ಅಂದುಕೊಂಡು ಹೋಗಿದ್ದವರು. ಆಮೇಲೆ ಇಲಿ ಇಲ್ಲದೆ ಬರೀ ಉಂಡೆಯನ್ನು ಎಳೆದು ನೋಡಿದರು. ಆನೆ ತನ್ನ ಪಾಡಿಗೆ ತಾನು ಹೋಯಿತು. ಉಂಡೆ ಅಲ್ಲಾಡಿದ್ದಕ್ಕೆ ಹೆದರಿದ್ದಲ್ಲ ಅಂತ ಆಗ ತಿಳಿಯಿತು.

ಮಗಳು "ನಾಳೆ ನಿಲ್ಲಲ್ವಾ" ಅಂತ ಕೇಳಿದ್ದು ಇದನ್ನೇ. ಇಲಿ ಇಲ್ಲದ ಉಂಡೆ ಬೇಕಿತ್ತು ಅವಳಿಗೆ.

ಮಾರನೇ ದಿನ, ಶುಕ್ರವಾರ, ಶಿಫ್ಟ್ ಮುಗಿಸಿ ಬರುವಾಗ ಅಳತೆ ತೆಗೆಯುವ ವರ್ನಿಯರ್ ಮತ್ತು ಮಟ್ಟ ನೋಡುವ ಸಣ್ಣ ಸ್ಪಿರಿಟ್ ಲೆವೆಲ್ ತಂದೆ. ಅಮ್ಮನನ್ನು ಕರೆದೆ. ಅದೇ ಒನಕೆ, ಅದೇ ತಟ್ಟೆ, ಅದೇ ಜಾಗ. ಅರಿಶಿನದ ನೀರನ್ನೂ ಅಮ್ಮನ ಕೈಯಲ್ಲೇ ಹಾಕಿಸಿದೆ. ಒನಕೆ ನಿಲ್ಲಿಸಿದ್ದೂ ಅಮ್ಮನೇ. ನಾನು ನಿಲ್ಲಿಸಿದರೆ ನೀನೇನೋ ಮಾಡಿದೆ ಅಂತ ಆಗಬಾರದು ಅಲ್ವಾ?

ನಿಂತಿತು.

ನೀರು ಚೆಲ್ಲಿ ಬರೀ ತಟ್ಟೆಯಲ್ಲಿ ಇಟ್ಟೆವು, ನಿಂತಿತು. ತಟ್ಟೆ ತೆಗೆದು ಬರೀ ನೆಲದ ಮೇಲೆ ಇಟ್ಟೆವು, ನಿಂತಿತು. ತಾರಸಿಗೆ ತಗೊಂಡು ಹೋದೆವು. ಅಲ್ಲಿ ಮಳೆ ನೀರು ಹರಿಯಲಿ ಅಂತ ಇಳಿಜಾರು ಕೊಟ್ಟಿದ್ದಾರೆ. ಮೂರು ಸಲವೂ ಬಿತ್ತು. ಒನಕೆಯನ್ನು ಉಲ್ಟಾ ಮಾಡಿ ಉರುಟಾದ ತುದಿಯ ಮೇಲೆ ಇಟ್ಟೆವು, ಎಲ್ಲಿ ಇಟ್ಟರೂ ನಿಲ್ಲಲಿಲ್ಲ. ಕುಟ್ಟುವ ತುದಿಯಲ್ಲಿ ಕಬ್ಬಿಣದ ಬಳೆ ಇದೆ. ವರ್ನಿಯರ್ ಇಟ್ಟು ನೋಡಿದೆ, 58 ಮಿ.ಮೀ. ಅಜ್ಜಿಯ ಕಾಲದಿಂದ ಭತ್ತ ಕುಟ್ಟಿ ಕುಟ್ಟಿ ಆ ಬಳೆಯ ಮುಖ ಲೇತ್‌ನಲ್ಲಿ ಕಡೆದು ಫೇಸಿಂಗ್ ಮಾಡಿದ ಹಾಗೆ ಸಪಾಟಾಗಿದೆ. ನಾಲ್ಕೂಮುಕ್ಕಾಲು ಅಡಿ ಎತ್ತರದ ನೇರ ಮರಕ್ಕೆ ಅಷ್ಟು ಚಪ್ಪಟೆ ತಳ ಇದ್ದು, ನೆಲ ಮಟ್ಟವಾಗಿದ್ದರೆ ಅದು ನಿಲ್ಲಲೇಬೇಕು.

ಅಮ್ಮ ಸ್ವಲ್ಪ ಹೊತ್ತು ಸುಮ್ಮನೆ ನೋಡಿದಳು. ಆಮೇಲೆ ಹೇಳಿದಳು. "ಹಂಗಾದ್ರೆ ಗ್ರಹಣದ ದಿನ ನಿಲ್ಲುತ್ತೆ ಅಂದಿದ್ದು ಸುಳ್ಳಲ್ಲ. ಅವತ್ತು ಮಾತ್ರ ಅಂದಿದ್ದು ತಪ್ಪು."

ಇಷ್ಟು ಸರಿಯಾದ ತೀರ್ಪನ್ನು ಆ ಕಾರ್ಯಕ್ರಮದಲ್ಲೂ ನಾನು ಜಾಸ್ತಿ ಕೇಳಿಲ್ಲ.

ಇದನ್ನು ಹೇಳಿದ ಮೇಲೆ ಅವರ ತಪ್ಪನ್ನೂ ಹೇಳಬೇಕು. 2005ರಲ್ಲಿ ಆಕಳಿಕೆಯ ಕಂತು ಬಂತು. ಒಬ್ಬರು ಆಕಳಿಸಿದರೆ ನೋಡಿದವರಿಗೂ ಬರುತ್ತಾ ಅನ್ನೋದು ಪ್ರಶ್ನೆ. 50 ಜನರನ್ನು ಪರೀಕ್ಷೆ ಮಾಡಿದರು. 34 ಜನರ ಮುಂದೆ ಬೇಕೆಂದೇ ಆಕಳಿಸಿದರು, ಅದರಲ್ಲಿ 10 ಜನ ಆಕಳಿಸಿದರು. 16 ಜನರ ಮುಂದೆ ಯಾರೂ ಆಕಳಿಸಲಿಲ್ಲ, ಆದರೂ 4 ಜನ ಆಕಳಿಸಿದರು. ಶೇಕಡಾ 29 ಮತ್ತು ಶೇಕಡಾ 25. ವ್ಯತ್ಯಾಸ ಇದೆ, ಆದ್ದರಿಂದ ಮಾತು ನಿಜ ಅಂತ ತೀರ್ಪು ಕೊಟ್ಟುಬಿಟ್ಟರು.

ನಾನು ಕ್ಯಾಲ್ಕುಲೇಟರ್ ತೆಗೆದು ಕೂತೆ. ಆ 16 ಜನರಲ್ಲಿ ಇನ್ನೊಬ್ಬರೇ ಒಬ್ಬರು ಆಕಳಿಸಿದ್ದರೆ 5 ಆಗುತ್ತಿತ್ತು. ಅಂದರೆ ಶೇಕಡಾ 31. ಆಗ ಆಕಳಿಕೆ ನೋಡದವರೇ ಜಾಸ್ತಿ ಆಕಳಿಸಿದ ಹಾಗೆ ಲೆಕ್ಕ! ಒಬ್ಬ ಮನುಷ್ಯನ ಒಂದು ಆಕಳಿಕೆಗೆ ತಲೆಕೆಳಗಾಗುವ ತೀರ್ಪು ಅದೆಂಥ ತೀರ್ಪು? ನಮ್ಮಲ್ಲಿ ಸಾವಿರ ಪೀಸಿನ ಲಾಟ್‌ನಲ್ಲಿ ನಾಲ್ಕು ಪೀಸ್ ನೋಡಿ ಎಲ್ಲ ಸರಿ ಇದೆ ಅಂತ ಸಹಿ ಹಾಕಿದರೆ ಕ್ವಾಲಿಟಿಯವರು ಬಿಡುತ್ತಾರಾ? ಮಾಸ್ಟರ್ ರಿಂಗ್ ಇಟ್ಟುಕೊಂಡಿದ್ದರು, ಸರಿ. ಆದರೆ ಅಳತೆ ಎಷ್ಟು ಸಲ ತೆಗೆಯಬೇಕು ಅನ್ನೋದನ್ನು ಮರೆತರು. ಆಕಳಿಕೆ ಅಂಟುವ ವಿಷಯ ನಿಜವೇ ಇರಬಹುದು, ನನ್ನ ತಕರಾರು ಅದರ ಮೇಲಲ್ಲ. ಇವರು ತೋರಿಸಿದ ಲೆಕ್ಕದಿಂದ ಅದು ನಿಜ ಅಂತ ಹೇಳೋಕೆ ಬರಲ್ಲ, ಅಷ್ಟೇ. ಈ ಕಂತನ್ನು ಮಕ್ಕಳಿಗೆ ತೋರಿಸುವವರು ಲೆಕ್ಕವನ್ನೂ ಜೊತೆಗೆ ಮಾಡಿಸಬೇಕು.

ಆದರೆ ಇವರಲ್ಲಿ ಒಂದು ದೊಡ್ಡ ಗುಣ ಇದೆ. ತಪ್ಪಾಯಿತು ಅಂತ ಗೊತ್ತಾದರೆ ವಾಪಸ್ ಬರುತ್ತಾರೆ. ಮಳೆಯಲ್ಲಿ ಓಡಿದರೆ ಜಾಸ್ತಿ ನೆನೆಯುತ್ತೀವಾ, ನಡೆದರೆ ಜಾಸ್ತಿ ನೆನೆಯುತ್ತೀವಾ? ಮೊದಲ ವರ್ಷ ದೊಡ್ಡ ಶೆಡ್ ಒಳಗೆ ಪೈಪ್ ಕಟ್ಟಿ ಕೃತಕ ಮಳೆ ಸುರಿಸಿದರು. ನೆನೆದ ಬಟ್ಟೆ ತೂಕ ಹಾಕಿ, ಓಡಿದವರೇ ಜಾಸ್ತಿ ನೆನೆಯೋದು ಅಂದರು. 2005ರಲ್ಲಿ ಮತ್ತೆ ಕೈಗೆತ್ತಿಕೊಂಡರು. ಈ ಸಲ ನಿಜವಾದ ಮಳೆ. ಓಡಿದವರು ಕಡಿಮೆ ನೆನೆದರು. ಹಿಂದಿನ ತೀರ್ಪು ತಪ್ಪು ಅಂತ ಕ್ಯಾಮೆರಾ ಮುಂದೆ ಒಪ್ಪಿಕೊಂಡು ಬದಲಾಯಿಸಿದರು. ಹೀಗೆ ಹಳೇ ಮಾತನ್ನು ಮತ್ತೆ ತೆಗೆದು ತಿದ್ದಿಕೊಂಡ ಕಂತುಗಳು ಎಷ್ಟೋ ಇವೆ. ನಾನು ರಿಜೆಕ್ಟ್ ಆದ ಪೀಸನ್ನು ಮೇಜಿನ ಕೆಳಗೆ ಬಚ್ಚಿಟ್ಟವರನ್ನು ನೋಡಿದ್ದೇನೆ. ಟಿವಿಯಲ್ಲಿ ಲಕ್ಷಾಂತರ ಜನರ ಮುಂದೆ ರಿಜೆಕ್ಷನ್ ತೋರಿಸೋಕೆ ಎದೆ ಬೇಕು.

ಕನ್ವೇಯರ್ ಮೇಲಿನ ವಿಮಾನದ ಕಂತು 2008ರ ಜನವರಿಯದ್ದು. ನಮ್ಮ ಶಾಪ್‌ನಲ್ಲಿ ಟೀ ಬ್ರೇಕ್‌ನಲ್ಲಿ ಇದರ ಮೇಲೆ ಜಗಳವೇ ಆಗಿತ್ತು. ವಿಮಾನ ಮುಂದಕ್ಕೆ ಹೋಗುವಷ್ಟೇ ವೇಗದಲ್ಲಿ ಕೆಳಗಿನ ಬೆಲ್ಟ್ ಹಿಂದಕ್ಕೆ ಓಡಿದರೆ ಅದು ಹಾರುತ್ತಾ? ಹಾರಲ್ಲ, ನಿಂತಲ್ಲೇ ನಿಲ್ಲುತ್ತೆ ಅಂತ ನಾನೂ ವಾದ ಮಾಡಿದೆ. ಇವರು ಉದ್ದನೆಯ ಟಾರ್ಪಾಲ್ ಹಾಸಿ, ಅದರ ಮೇಲೆ ಸಣ್ಣ ವಿಮಾನ ನಿಲ್ಲಿಸಿ, ಟಾರ್ಪಾಲನ್ನು ಟ್ರಕ್‌ಗೆ ಕಟ್ಟಿ ಹಿಂದಕ್ಕೆ ಎಳೆಸಿದರು. ಹಾರಿಸುವ ಪೈಲಟ್‌ಗೂ ಅದು ಮೇಲೇಳುತ್ತೆ ಅನ್ನುವ ನಂಬಿಕೆ ಇರಲಿಲ್ಲ. ಎದ್ದಿತು!

ಯಾಕೆ ಅಂತ ಒಂದು ದಿನ ಪೂರ್ತಿ ಯೋಚಿಸಿದೆ. ಉತ್ತರ ನನ್ನ ಲೇತ್ ಮೇಲೇ ಇತ್ತು. ಅದರ ಒಂದು ಕೊನೆಯ ಟೈಲ್‌ಸ್ಟಾಕ್‌ನಲ್ಲಿ, ಜಾಬ್‌ನ ತುದಿಗೆ ಆಸರೆಯಾಗಿ ರಿವಾಲ್ವಿಂಗ್ ಸೆಂಟರ್ ಅನ್ನುವ ತಿರುಗುವ ಮೊನೆ ಇರುತ್ತೆ. ಜಾಬ್ ಎಷ್ಟು ವೇಗವಾಗಿ ತಿರುಗಿದರೆ ಅದೂ ಅಷ್ಟೇ ವೇಗವಾಗಿ ತಿರುಗುತ್ತೆ, ಆದರೆ ಅದು ಏನನ್ನೂ ತಳ್ಳಲ್ಲ. ವಿಮಾನದ ಚಕ್ರವೂ ಹಾಗೇ. ಕಾರಿನಲ್ಲಿ ಇಂಜಿನ್ ಚಕ್ರವನ್ನು ತಿರುಗಿಸುತ್ತೆ, ಚಕ್ರ ನೆಲವನ್ನು ತಳ್ಳುತ್ತೆ. ವಿಮಾನದಲ್ಲಿ ಪ್ರೊಪೆಲ್ಲರ್ ಗಾಳಿಯನ್ನು ಹಿಂದಕ್ಕೆ ತಳ್ಳುತ್ತೆ, ಚಕ್ರ ಬರೀ ಉರುಳೋಕೆ. ಕೆಳಗೆ ಬೆಲ್ಟ್ ಹಿಂದಕ್ಕೆ ಓಡಿದರೆ ಚಕ್ರ ಎರಡರಷ್ಟು ಜೋರಾಗಿ ತಿರುಗುತ್ತೆ, ವಿಮಾನ ಮಾತ್ರ ಮುಂದೆ ಹೋಗುತ್ತೆ. ಮಾರನೇ ದಿನ ಲೇತ್‌ನ ಹಿಡಿಯುವ ಬಾಯಿಗೆ, ಅಂದರೆ ಚಕ್‌ಗೆ, ಜಾಬ್ ಕಟ್ಟಿ ಸೆಂಟರ್ ತೋರಿಸಿಯೇ ಹುಡುಗರಿಗೆ ವಿವರಿಸಿದೆ.

ಮನೆಯವರೆಲ್ಲ ತಪ್ಪದೆ ನೋಡಬೇಕಾದದ್ದು 2007ರ ವಾಟರ್ ಹೀಟರ್ ಕಂತು. ಸೇಫ್ಟಿ ವಾಲ್ವ್ ಮತ್ತು ಉಳಿದ ಸುರಕ್ಷತೆಯನ್ನೆಲ್ಲ ಬಂದ್ ಮಾಡಿ ಹೀಟರ್ ಬಿಸಿಗೆ ಇಟ್ಟರು. ಒತ್ತಡ ಏರುತ್ತಾ ಹೋಯಿತು. ತಳ ಕಿತ್ತುಕೊಂಡು, ಕಟ್ಟಿದ್ದ ಮಾದರಿ ಮನೆಯ ಚಾವಣಿ ಸೀಳಿಕೊಂಡು ಆ ಟ್ಯಾಂಕ್ ಆಕಾಶಕ್ಕೆ ಹಾರಿತು. ಒಳಗೆ ಇದ್ದದ್ದು ಬರೀ ನೀರು. ನೂರು ಡಿಗ್ರಿ ದಾಟಿದ ನೀರನ್ನು ಒತ್ತಡ ಹಿಡಿದಿಟ್ಟುಕೊಂಡಿರುತ್ತೆ. ಟ್ಯಾಂಕ್ ಒಡೆದ ಕ್ಷಣ ಅದು ಒಂದೇ ಸಲಕ್ಕೆ ಆವಿಯಾಗುತ್ತೆ. ಅದೇ ರಾಕೆಟ್.

ಇದನ್ನು ನೋಡಿದಾಗ ನನಗೆ ಬೆನ್ನು ತಣ್ಣಗಾಯಿತು. ಹಿಂದೆ ನಾವಿದ್ದ ಕಟ್ಟಡದಲ್ಲಿ ಗೀಸರ್ ವಾಲ್ವ್‌ನಿಂದ ನೀರು ತೊಟ್ಟಿಕ್ಕುತ್ತೆ ಅಂತ ಪ್ಲಂಬರ್ ಒಬ್ಬರು ಬಂದು ಅದರ ಬಾಯಿಗೆ ಪ್ಲಗ್ ಹಾಕಿ ಹೋಗಿದ್ದರು. ಬಿಸಿಯಾದ ನೀರು ಹಿಗ್ಗುತ್ತೆ, ಹಿಗ್ಗಿದ್ದು ಹೊರಗೆ ಹೋಗಬೇಕು. ಆ ಎರಡು ಹನಿ ತೊಟ್ಟಿಕ್ಕುವುದೇ ವಾಲ್ವ್‌ನ ಕೆಲಸ. ಕಂತು ಮುಗಿದದ್ದೇ ಗೀಸರ್ ಸ್ವಿಚ್ ತೆಗೆದು, ಬೆಳಗ್ಗೆ ಹೊಸ ವಾಲ್ವ್ ತಂದು ಹಾಕಿದೆ. ಪಕ್ಕದ ಮೂರು ಮನೆಯವರಿಗೂ ಹೇಳಿ ನೋಡಿಸಿದೆ. ಒಂದು ಮನೆಯಲ್ಲಿ ಅದೇ ರೀತಿ ಪ್ಲಗ್ ಇತ್ತು. ಈ ಕಾರ್ಯಕ್ರಮ ನನಗೆ ಮಾಡಿದ ಉಪಕಾರ ಅಂದರೆ ಮೊದಲು ಇದನ್ನೇ ಹೇಳುತ್ತೇನೆ.

ಮಕ್ಕಳಿರುವ ಮನೆಯಲ್ಲಿ ಅಪಾಯವಿಲ್ಲದೆ ಮಾಡಿ ನೋಡಬಹುದಾದದ್ದು ಟೆಲಿಫೋನ್ ಡೈರೆಕ್ಟರಿಯದ್ದು. ಎರಡು ದಪ್ಪ ಡೈರೆಕ್ಟರಿಗಳ ಹಾಳೆಗಳನ್ನು ಒಂದರ ಮೇಲೊಂದು ಬರುವ ಹಾಗೆ ಹೆಣೆದರೆ ಎಳೆದು ಬಿಡಿಸೋಕೆ ಆಗಲ್ಲ ಅನ್ನುವ ಮಾತು. ಅಂಟು ಇಲ್ಲ, ಮೊಳೆ ಇಲ್ಲ. ಕೊನೆಗೆ ಸೇನೆಯ ಎರಡು ದೈತ್ಯ ಗಾಡಿಗಳನ್ನು ಎರಡು ಕಡೆ ಕಟ್ಟಿ ಎಳೆಸಿದರು. 8,000 ಪೌಂಡ್ ಬಲ, ಅಂದರೆ 3,600 ಕಿಲೋ ತೂಕದಷ್ಟು, ಹಾಕಿದ ಮೇಲೆ ಬಿಟ್ಟಿತು.

ಮಗಳು ತನ್ನ 200 ಪುಟದ ಎರಡು ಹಳೇ ನೋಟ್‌ಬುಕ್ ತಂದಳು. ಒಂದೊಂದೇ ಹಾಳೆ ಹೆಣೆಯೋಕೆ ಅರ್ಧ ಗಂಟೆ ಹಿಡಿಯಿತು. ಬೆರಳಿಗೆ ಎಂಜಲು ಹಚ್ಚಬೇಡ, ಹಾಳೆ ಒದ್ದೆಯಾದರೆ ಲೆಕ್ಕ ಕೆಡುತ್ತೆ ಅಂತ ಅವಳೇ ನನಗೆ ಹೇಳಿದಳು. ಒಂದು ಕಡೆ ನಾನು, ಇನ್ನೊಂದು ಕಡೆ ಅವಳು ಮತ್ತು ಅವಳಮ್ಮ. ಎಳೆದೆವು. ಕಾಲು ಕೊಟ್ಟು ಎಳೆದೆವು. ಒಂದು ನೋಟ್‌ಬುಕ್‌ನ ಪಿನ್ ಕಿತ್ತುಕೊಂಡು ರಟ್ಟು ನನ್ನ ಕೈಗೆ ಬಂತು. ಹೆಣೆದ ಹಾಳೆಗಳು ಮಾತ್ರ ಒಂದನ್ನೊಂದು ಬಿಟ್ಟಿರಲಿಲ್ಲ. ಒಂದು ಹಾಳೆಯ ಉಜ್ಜಾಟ ಏನೇನೂ ಅಲ್ಲ, ಊದಿದರೆ ಜಾರುತ್ತೆ. ಇನ್ನೂರು ಕಡೆ ಸೇರಿದರೆ ಮೂರು ಜನ ಸೋಲುತ್ತಾರೆ. ಎಳೆದಷ್ಟೂ ಹಾಳೆಗಳು ಒಳಗೆ ಒತ್ತಿಕೊಂಡು ಹಿಡಿತ ಇನ್ನೂ ಬಿಗಿಯಾಗುತ್ತೆ. ಆ ರಟ್ಟು ಹರಿದ ಪುಸ್ತಕ ಇವತ್ತೂ ಶೋಕೇಸ್‌ನಲ್ಲಿದೆ.

ಗೂಳಿ ಮತ್ತು ಕೆಂಪು ಬಟ್ಟೆಯ ಕಂತು ಅಮ್ಮನಿಗೆ ಇಷ್ಟ. ಊರಲ್ಲಿ ಹೋರಿ ಇದ್ದ ಕಾಲದಲ್ಲಿ ಕೆಂಪು ಸೀರೆ ಉಟ್ಟು ಕೊಟ್ಟಿಗೆಗೆ ಹೋಗಬೇಡ ಅಂತ ಅಜ್ಜಿ ಬೈಯುತ್ತಿದ್ದರಂತೆ. ಇವರು ಬೇರೆ ಬೇರೆ ಬಣ್ಣದ ಬಾವುಟ ಹಿಡಿದು ನೋಡಿದರು. ಗೂಳಿ ಎಲ್ಲದಕ್ಕೂ ನುಗ್ಗಿತು. ಆಮೇಲೆ ಆಡಮ್ ಮೈತುಂಬ ಕೆಂಪು ಬಟ್ಟೆ ಹಾಕಿಕೊಂಡು ಅಲ್ಲಾಡದೆ ನಿಂತರು. ಗೂಳಿ ಅವರನ್ನು ಬಿಟ್ಟು ಓಡುತ್ತಿದ್ದವರ ಹಿಂದೆ ಬಿತ್ತು. ಬಣ್ಣ ಅಲ್ಲ, ಅಲುಗಾಟ.

ಬೇಸರದ ಮಾತೂ ಇದೆ. ಕಾಂಕ್ರೀಟ್ ಗಟ್ಟಿಯಾಗಿ ಅಂಟಿಕೊಂಡ ಮಿಕ್ಸರ್ ಲಾರಿಯ ಡ್ರಮ್ಮನ್ನು ಡೈನಮೈಟ್ ಇಟ್ಟು ಬಿಡಿಸಬಹುದಾ ಅನ್ನುವ ಕಂತು ತುಂಬಾ ಹೆಸರುವಾಸಿ. ಕೊನೆಯಲ್ಲಿ 850 ಪೌಂಡ್ ಸ್ಫೋಟಕ ತುಂಬಿ ಇಡೀ ಲಾರಿಯನ್ನೇ ಹಾರಿಸಿದರು. ಹೊಗೆ ಇಳಿದ ಮೇಲೆ ಅಲ್ಲಿ ಲಾರಿಯೇ ಇಲ್ಲ. ಎಲ್ಲರೂ ಅದನ್ನೇ ಹೊಗಳುತ್ತಾರೆ. ನನಗೆ ಮಾತ್ರ ಮನಸ್ಸಿಗೆ ಹಿತ ಆಗಲಿಲ್ಲ. ಪ್ರಶ್ನೆಗೆ ಉತ್ತರ ಸಿಕ್ಕಾಗಿತ್ತು, ಆಮೇಲೆ ಹಾರಿಸಿದ್ದು ನೋಡೋರ ಖುಷಿಗೆ. ಆ ಕಂತಿನ ಮೇಲೆ ಸ್ಫೋಟ ಜಾಸ್ತಿ ಆಗುತ್ತಾ ಹೋಯಿತು. 2011ರ ಡಿಸೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಡಬ್ಲಿನ್ ಊರಿನ ಹತ್ತಿರ ಇವರು ಹಾರಿಸಿದ ಫಿರಂಗಿ ಗುಂಡು ಗುರಿ ತಪ್ಪಿ ಒಂದು ಮನೆಯೊಳಗೆ ನುಗ್ಗಿ, ಹೊರಬಂದು, ಒಂದು ವ್ಯಾನ್‌ಗೆ ಬಡಿಯಿತು. ಯಾರಿಗೂ ಗಾಯ ಆಗಲಿಲ್ಲ, ಪುಣ್ಯ. ವರ್ಕ್‌ಶಾಪ್‌ನಲ್ಲಿ ಬೆರಳು ಕಳೆದುಕೊಂಡವರನ್ನು ನೋಡಿದವನಿಗೆ ಇದನ್ನು ಹಗುರವಾಗಿ ತಗೊಳ್ಳೋಕೆ ಆಗಲ್ಲ.

ಟಿವಿಯಲ್ಲಿ ನೋಡುವಾಗ ಇನ್ನೊಂದು ಬೇಸರ, ಪ್ರತಿ ಜಾಹೀರಾತಿನ ಮುಂದೆ ಒಮ್ಮೆ, ಹಿಂದೆ ಒಮ್ಮೆ ಅದೇ ದೃಶ್ಯ, ಅದೇ ಮಾತು. ಯೂಟ್ಯೂಬ್‌ನಲ್ಲಿ ಬರುವ ತುಣುಕುಗಳಲ್ಲಿ ಈ ಕಾಟ ಕಡಿಮೆ. ಅಡಿ, ಪೌಂಡ್, ಫ್ಯಾರನ್‌ಹೀಟ್ ಲೆಕ್ಕ ಇನ್ನೊಂದು ತಲೆನೋವು. ಮಗಳು ಪಕ್ಕದಲ್ಲಿ ಕ್ಯಾಲ್ಕುಲೇಟರ್ ಇಟ್ಟುಕೊಂಡೇ ನೋಡೋದು.

ಆಡಮ್, ಜೇಮಿ ಬಿಟ್ಟು ಇದೇ ಕಾರ್ಯಕ್ರಮದಲ್ಲಿ ಇದ್ದ ಎರಡನೇ ತಂಡದ ಬಗ್ಗೆ ಹೇಳದಿದ್ದರೆ ತಪ್ಪಾಗುತ್ತೆ. ಕ್ಯಾರಿ ಬೈರನ್, ಟೋರಿ ಬೆಲೆಚಿ, ಗ್ರಾಂಟ್ ಇಮಹಾರ. ಗ್ರಾಂಟ್ ಎಲೆಕ್ಟ್ರಿಕಲ್ ಇಂಜಿನಿಯರ್, ರೋಬೋ ಮಾಡುವವರು. ಸರ್ಕ್ಯೂಟ್ ಬೋರ್ಡ್ ಹಿಡಿದಾಗ ಆ ಮುಖದಲ್ಲಿ ಬರುವ ನಗು ನಟನೆ ಅಲ್ಲ. 2020ರ ಜುಲೈನಲ್ಲಿ ಮಿದುಳಿನ ರಕ್ತನಾಳದ ತೊಂದರೆಯಿಂದ ಅವರು ತೀರಿಕೊಂಡರು. ಬರೀ 49 ವರ್ಷ. ಲಾಕ್‌ಡೌನ್ ಸಮಯ, ಕೆಲಸ ಸರಿಯಾಗಿ ಇರಲಿಲ್ಲ. ಆ ರಾತ್ರಿ ಮಗಳು ಗ್ರಾಂಟ್ ಇರುವ ಕಂತನ್ನೇ ಹಾಕಿಸಿಕೊಂಡು ನೋಡಿದಳು.

ಕ್ಯಾರಿ ಹೆರಿಗೆ ರಜೆಯಲ್ಲಿದ್ದಾಗ ಜೆಸ್ಸಿ ಕೋಂಬ್ಸ್ ಬಂದಿದ್ದರು. ಅಪ್ಪಟ ವೆಲ್ಡರ್, ಫ್ಯಾಬ್ರಿಕೇಟರ್. ಅವರ ಬೀಡ್, ಅಂದರೆ ವೆಲ್ಡಿಂಗ್ ಹಾಕಿದ ಗೆರೆ, ನೋಡಿದರೆ ಗೊತ್ತಾಗುತ್ತೆ, ಒಂದೇ ಸಮ, ನಾಣ್ಯ ಜೋಡಿಸಿದ ಹಾಗೆ. 2019ರ ಆಗಸ್ಟ್‌ನಲ್ಲಿ ಆರೆಗಾನ್‌ನ ಆಲ್ವೋರ್ಡ್ ಮರುಭೂಮಿಯಲ್ಲಿ ವೇಗದ ದಾಖಲೆಗೆ ಪ್ರಯತ್ನ ಮಾಡುವಾಗ ಅಪಘಾತದಲ್ಲಿ ಹೋಗಿಬಿಟ್ಟರು. ಆಮೇಲೆ ಗಿನ್ನೆಸ್‌ನವರು ಅವರ ಗಂಟೆಗೆ 841 ಕಿ.ಮೀ. ವೇಗವನ್ನು ಹೆಣ್ಣುಮಕ್ಕಳ ದಾಖಲೆ ಅಂತ ಒಪ್ಪಿಕೊಂಡರು. ಹುಡುಗಿಯರೂ ವೆಲ್ಡಿಂಗ್ ಮಾಡ್ತಾರಾ ಅಂತ ನನ್ನ ಮಗಳು ಯಾವತ್ತೂ ಕೇಳಲಿಲ್ಲ. ಅವಳು ನೋಡಿದ ಮೊದಲ ವೆಲ್ಡರ್‌ಗಳೇ ಕ್ಯಾರಿ ಮತ್ತು ಜೆಸ್ಸಿ. ಹೋದ ವರ್ಷ ಶಾಪ್‌ಗೆ ಕರೆದುಕೊಂಡು ಹೋಗಿ ಶೀಲ್ಡ್, ಗ್ಲೌಸ್ ಹಾಕಿಸಿ, ಕೈ ಹಿಡಿದು ಎರಡಿಂಚು ಬೀಡ್ ಹಾಕಿಸಿದೆ.

ಇಂಥ ಕಾರ್ಯಕ್ರಮ ಕನ್ನಡದಲ್ಲಿ, ನಮ್ಮ ಮಾತುಗಳನ್ನೇ ಇಟ್ಟುಕೊಂಡು ಬರಬೇಕು ಅನ್ನೋದು ನನ್ನ ಆಸೆ. ನಮಗೆ ಇದು ಹೊಸದಲ್ಲ. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳನ್ನು ಪರೀಕ್ಷೆ ಮಾಡೋಕೆ ಸಮಿತಿಯನ್ನೇ ಮಾಡಿದ್ದರು. ಹುಲಿಕಲ್ ನಟರಾಜ್ ಊರೂರಿನಲ್ಲಿ ವೇದಿಕೆ ಮೇಲೆ ಪವಾಡದ ಗುಟ್ಟು ಬಿಚ್ಚಿ ತೋರಿಸುತ್ತಾ ಬಂದಿದ್ದಾರೆ. ಆದರೆ ಟಿವಿಯಲ್ಲಿ ವಾರಕ್ಕೊಂದು ಸಲ, ವರ್ಕ್‌ಶಾಪ್‌ನಲ್ಲಿ ನಿಂತು, ಸಾಮಾನು ಮಾಡಿ, ಹತ್ತು ಸಲ ಅಳೆದು ತೋರಿಸುವವರು ಬೇಕು. ಒನಕೆಯಿಂದ ಶುರು ಮಾಡಿದರೂ ವರ್ಷಗಟ್ಟಲೆ ಆಗುವಷ್ಟು ಮಾತು ನಮ್ಮಲ್ಲಿವೆ. ಮತ್ತೆ, ನಂಬುವವರನ್ನು ಹಂಗಿಸಬಾರದು. ಮಿಥ್‌ಬಸ್ಟರ್ಸ್‌ನಲ್ಲಿ ನನಗೆ ಬಹಳ ಇಷ್ಟವಾದದ್ದು ಅದು. ಯಾರೋ ನಂಬಿದ್ದಾರೆ ಅಂತ ನಗಲ್ಲ. ನಂಬಿದ್ದನ್ನು ತಂದು ಮೇಜಿನ ಮೇಲೆ ಇಟ್ಟು, ಬನ್ನಿ ನೋಡೋಣ ಅಂತಾರೆ.

2025ರ ಸೆಪ್ಟೆಂಬರ್ 7ರ ರಾತ್ರಿ ಚಂದ್ರಗ್ರಹಣ ಇತ್ತು. ಭಾನುವಾರ. ಮಗಳು ಈಗ ಒಂಬತ್ತನೇ ಕ್ಲಾಸ್. ಶನಿವಾರ ಸಂಜೆ ನಾನು ಮನೆಗೆ ಬಂದಾಗ ಹಾಲ್‌ನಲ್ಲಿ ಒನಕೆ ನಿಂತಿತ್ತು. ನಿಲ್ಲಿಸಿದ್ದು ಅಮ್ಮ. "ನಾಳೆದಕ್ಕೆ ಹೋಲಿಸೋಕೆ ಇವತ್ತೂ ಬೇಕಲ್ಲ" ಅಂದಳು.

ಭಾನುವಾರ ಅಮ್ಮ ಗ್ರಹಣಕ್ಕೆ ಮುಂಚೆಯೇ ಊಟ ಮುಗಿಸಿ, ಉಳಿದ ಅನ್ನ ಸಾರಿಗೆ ದರ್ಬೆ ಹಾಕಿದಳು. ಅದು ಅವಳ ಪದ್ಧತಿ, ನಾನು ಏನೂ ಹೇಳಲಿಲ್ಲ. 11 ಗಂಟೆ ಹೊತ್ತಿಗೆ ಚಂದ್ರ ಪೂರ್ತಿ ಕೆಂಪಾದ. ತಾರಸಿಗೆ ಹೋಗಿ ನೋಡಿಕೊಂಡು ಕೆಳಗೆ ಬಂದು ಒನಕೆ ನಿಲ್ಲಿಸಿದೆವು. ನಿಂತಿತು. ಸೋಮವಾರ ಬೆಳಗ್ಗೆ ಮತ್ತೆ ನಿಲ್ಲಿಸಿದಳು. ನಿಂತಿತು. ಮಗಳು ನೋಟ್‌ಬುಕ್‌ನಲ್ಲಿ ಮೂರು ಗೆರೆ ಹಾಕಿ, ಮೂರಕ್ಕೂ "ನಿಂತಿತು" ಅಂತ ಬರೆದು ಮುಚ್ಚಿಟ್ಟಳು.

ಅಮ್ಮ ಒನಕೆಯನ್ನು ಇನ್ನೂ ಒಳಗೆ ಇಟ್ಟಿರಲಿಲ್ಲ. "ದಿನಕ್ಕೆ ಒಂದೇ ಸಲ ಮಾಡಿದ್ರೆ ಸಾಕೇನೇ?" ಅಂತ ಕೇಳಿದಳು. ಮಗಳು ನನ್ನ ಮುಖ ನೋಡಿ, ಪುಸ್ತಕ ಮತ್ತೆ ತೆರೆದಳು.